ಬೋರ್ಡನ್ ಮನೆಯ ಕೊಲೆಗಳು: ಸೋದರಮಾವನ ಮೇಲಿನ ಸಂಶಯ

ನಮ್ಮ ವಾಚನಾಲಯದ ಕಪಾಟಿನಲ್ಲಿ ಪತ್ತೇದಾರಿ ಕಾದಂಬರಿಗಳು ನಿಲ್ಲುವುದೇ ಇಲ್ಲ. ಅವುಗಳ ಕೊನೆಯ ಪುಟದಲ್ಲಿ ಕೊಲೆಗಾರ ಸಿಕ್ಕಿಯೇ ಸಿಗುತ್ತಾನೆ. ನೂರಮೂವತ್ತು ವರ್ಷ ಕಳೆದರೂ ಕೊಲೆಗಾರ ಸಿಗದ ಒಂದು ನಿಜ ಪ್ರಕರಣವನ್ನು ಇಂದು ವಾಚಕರ ಮುಂದಿಡುತ್ತೇವೆ.

ಅಮೆರಿಕದ ಮೆಸಾಚುಸೆಟ್ಸ್ ಸಂಸ್ಥಾನದ ಫಾಲ್ ರಿವರ್, ಬಟ್ಟೆ ಗಿರಣಿಗಳಿಗೆ ಹೆಸರಾಗಿದ್ದ ಊರು. ಅಲ್ಲಿ 1892ರ ಆಗಸ್ಟ್ 4ರ ಬೆಳಿಗ್ಗೆ ಧನಿಕನಾದ ಆಂಡ್ರ್ಯೂ ಬೋರ್ಡನ್ ಮತ್ತು ಅವನ ಎರಡನೆಯ ಹೆಂಡತಿ ಆ್ಯಬಿ ತಮ್ಮ ಮನೆಯಲ್ಲಿಯೇ ಕೊಡಲಿಯೇಟಿಗೆ ಬಲಿಯಾದರು. ಆ್ಯಬಿ ಸತ್ತದ್ದು ಸುಮಾರು 9-30ಕ್ಕೆ, ಮಹಡಿಯ ಅತಿಥಿಗಳ ಕೋಣೆಯಲ್ಲಿ; ಆಂಡ್ರ್ಯೂ ಸತ್ತದ್ದು 11ರ ಸುಮಾರಿಗೆ, ಕೆಳಗಿನ ಸೋಫಾದ ಮೇಲೆ. ಆಗ ಮನೆಯ ಆವರಣದಲ್ಲಿ ಇದ್ದವರೆಂದರೆ ಮೊದಲ ಹೆಂಡತಿಯ ಕಿರಿಯ ಮಗಳು, 32 ವರ್ಷದ ಲಿಜ್ಜಿ ಮತ್ತು ಕೆಲಸದಾಕೆ ಬ್ರಿಜೆಟ್. ಹಿರಿಯ ಮಗಳು ಎಮ್ಮಾ ಬೇರೆ ಊರಿಗೆ ಹೋಗಿದ್ದಳು. ಪೋಲೀಸರು ಲಿಜ್ಜಿಯನ್ನು ಹಿಡಿದರು. ಆದರೆ ಕೂಡಲೇ ಓಡಿಬಂದ ನೆರೆಯವರಿಗೆ ಅವಳ ಉಡುಪಿನ ಮೇಲೆ ರಕ್ತ ಕಂಡಿರಲಿಲ್ಲ. ಕೊಂದ ಆಯುಧ ಇದೇ ಎಂದು ಸ್ಥಾಪಿಸಲೂ ಆಗಲಿಲ್ಲ. 1893ರ ಜೂನ್ 20ರಂದು ಜ್ಯೂರಿಯವರು ಅವಳನ್ನು ನಿರ್ದೋಷಿಯೆಂದು ಬಿಟ್ಟರು. ಬೇರೆ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ.

ಇಲ್ಲಿ ಬರುವವನೇ ಜಾನ್ ಮೋರ್ಸ್. ಆಂಡ್ರ್ಯೂವಿನ ಮೊದಲ ಹೆಂಡತಿಯ ಸೋದರ. ನಮ್ಮ ಮಾತಿನಲ್ಲಿ ಹೇಳುವುದಾದರೆ ಆ ಹೆಣ್ಣುಮಕ್ಕಳ ಸೋದರಮಾವ. ಕೊಲೆಯ ಹಿಂದಿನ ದಿನವಷ್ಟೇ, ಉಟ್ಟ ಬಟ್ಟೆಯಲ್ಲಿ, ಚೀಲವೂ ಇಲ್ಲದೆ ಬಂದಿದ್ದ. ರಾತ್ರಿ ಮಲಗಿದ್ದು ಆ್ಯಬಿಯ ಹೆಣ ಸಿಕ್ಕ ಅದೇ ಕೋಣೆಯಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ಮೊದಲೇ ಹೊರಬಿದ್ದವನು ಹಿಂದಿರುಗಿದ್ದು 11-45ರ ಸುಮಾರಿಗೆ. ಮನೆಯ ಮುಂದೆ ಜನ ನೆರೆದಿದ್ದರೂ ಹಿತ್ತಲಿಗೆ ಹೋಗಿ ಪೇರ್ ಹಣ್ಣು ತಿನ್ನುತ್ತಿದ್ದನಂತೆ! ತಾನು ಹತ್ತಿದ ಟ್ರಾಮಿನ ಕಂಡಕ್ಟರನ ಟೋಪಿಯ ನಂಬರನ್ನೂ ಅವನು ಹೇಳಿದನೆಂದು ಪ್ರತೀತಿ. ಇಷ್ಟು ಸಾಕಲ್ಲವೆ? ಲಿಜ್ಜಿಯೊಡನೆ ಸೇರಿ ಹೂಡಿದ ಸಂಚು ಎಂದರು ಕೆಲವರು. ಬಾಡಿಗೆಯ ಕೊಲೆಗಾರನನ್ನು ಕರೆಸಿದ್ದನೆಂದರು ಮತ್ತೆ ಕೆಲವರು.

ಈ ವಾದಗಳನ್ನು ನಾವು ತೂಗಿ ನೋಡೋಣ. ಮೊದಲನೆಯದು ವೇಳೆ. ಮೋರ್ಸ್ ಒಂದು ಮೈಲಿಗೂ ದೂರದ ಬಂಧುಗಳ ಮನೆಯಲ್ಲಿದ್ದನೆಂದು ಆ ಮನೆಯವರು ಹೇಳಿದರು. ಪೋಲೀಸರೂ ವಿಚಾರಿಸಿ ಒಪ್ಪಿದರು. ಎರಡನೆಯದು ಲಾಭ. ಆಂಡ್ರ್ಯೂವಿನ ಉಯಿಲು ಸಿಗಲಿಲ್ಲ. ಗಂಡ ಮೊದಲು ಸತ್ತಿದ್ದರೆ ಆಸ್ತಿಯಲ್ಲಿ ಒಂದು ಪಾಲು ಆ್ಯಬಿಗೆ, ಅವಳ ನಂತರ ಅವಳ ಕಡೆಯವರಿಗೆ ಹೋಗುತ್ತಿತ್ತು. ಅವಳೇ ಮೊದಲು ಸತ್ತದ್ದರಿಂದ ಎಲ್ಲವೂ ಇಬ್ಬರು ಹೆಣ್ಣುಮಕ್ಕಳಿಗೆ ಬಂತು. ಸೋದರಮಾವನಿಗೆ ಕಾನೂನಿನಂತೆ ಬಿಡಿಕಾಸೂ ಇಲ್ಲ.

ಇನ್ನು ಟೋಪಿಯ ನಂಬರು. ನೆನಪಿಲ್ಲದಿದ್ದರೆ "ಎಲ್ಲಿದ್ದೆನೆಂದು ಹೇಳಲಾರ" ಎನ್ನುತ್ತಿದ್ದರು. ನೆನಪಿದ್ದುದಕ್ಕೆ "ಮೊದಲೇ ಕಲಿತು ಬಂದಿದ್ದಾನೆ" ಎಂದರು. ಹೀಗೆ ಎರಡು ಕಡೆಯೂ ಕೊಯ್ಯುವ ಮಾತು ಸಂಶಯವಾದೀತೇ ಹೊರತು ಪುರಾವೆಯಾಗದು. ಆದರೂ ಕೊಲೆಯ ಮರುದಿನ ಸಂಜೆ ಅವನು ಬೀದಿಗಿಳಿದಾಗ ನೂರಾರು ಜನ ಬೆನ್ನಟ್ಟಿದರು. ಪೋಲೀಸರೇ ಅವನನ್ನು ಮನೆಗೆ ಮುಟ್ಟಿಸಬೇಕಾಯಿತು.

ಸಂಶಯ ಮಾವನಲ್ಲಿಗೇ ನಿಲ್ಲಲಿಲ್ಲ. 1984ರಲ್ಲಿ ಬಂದ ಒಂದು ಪುಸ್ತಕ ಎಮ್ಮಾಳೇ ಗುಟ್ಟಾಗಿ ಬಂದು ಕೊಂದಳೆಂದಿತು. 1991ರ ಇನ್ನೊಂದು ಪುಸ್ತಕ ಆಂಡ್ರ್ಯೂವಿಗೆ ಹೊರಗೆ ಹುಟ್ಟಿದ ಮಗನೊಬ್ಬನನ್ನು ಮುಂದೆ ತಂದಿತು. ಮೋರ್ಸ್ 1912ರಲ್ಲಿ ತೀರಿಕೊಂಡ. ಲಿಜ್ಜಿ 1927ರ ಜೂನ್ 1ರಂದು, ಎಮ್ಮಾ ಅದೇ ಜೂನ್ 10ರಂದು ಕಣ್ಣು ಮುಚ್ಚಿದರು. ಈಗ ಉತ್ತರ ಹೇಳಬಲ್ಲವರು ಯಾರೂ ಉಳಿದಿಲ್ಲ.

ಪರಊರಿನ ಚಾಳುಗಳಲ್ಲಿ ಬಾಳುವ ನಮಗೆ ಈ ಕಥೆ ತೀರ ದೂರದ್ದಲ್ಲ. ಒಂದು ಕೈಗಡಿಯಾರ ಕಳೆದರೆ ಎಲ್ಲರ ಕಣ್ಣು ಮೊದಲು ಹೋಗುವುದು ನಿನ್ನೆ ಊರಿನಿಂದ ಬರಿಗೈಯಲ್ಲಿ ಬಂದಿಳಿದ ನೆಂಟನ ಕಡೆಗೆ. ಅವನು ಎಲ್ಲಿದ್ದ, ಅದರಿಂದ ಅವನಿಗೇನು ಲಾಭ, ಕಂಡವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಬಾಯಿ ತೆರೆಯುವ ಮುನ್ನ ಕೇಳಿಕೊಂಡರೆ, ಎಷ್ಟೋ ನಿರಪರಾಧಿಗಳು ತಲೆಯೆತ್ತಿ ನಡೆದಾರು.