ವಿಮಾನದ ಜಾತಕ

ಶಾಸನತಜ್ಞರು ಸವೆದ ಕಲ್ಲನ್ನು ತೊಳೆದು, ಓರೆಬೆಳಕಿನಲ್ಲಿ ಅಕ್ಷರಗಳನ್ನು ಓದುವುದನ್ನು ನಾವು ಕೇಳಿ ಬಲ್ಲೆವು. ಹಳೆಯ ವಿಮಾನಗಳನ್ನೂ ಹೀಗೆಯೇ ಓದುವ ಹವ್ಯಾಸಿಗಳುಂಟು. ಅವರ ವಿದ್ಯೆ ಎಂತಹುದೆಂದು ತಿಳಿಯಲು, ಬೆಂಗಳೂರಿನ ನಂಟುಳ್ಳ ಒಂದು ವಿಮಾನವನ್ನೇ ತೆಗೆದುಕೊಳ್ಳೋಣ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕವು ಬಿ-24 ಲಿಬರೇಟರ್ ಎಂಬ ಬಾಂಬರುಗಳನ್ನು 18,000ಕ್ಕೂ ಮಿಗಿಲಾಗಿ ನಿರ್ಮಿಸಿತು. ಒಡಲಿನ ಮೇಲ್ಭಾಗದಲ್ಲಿ ಕೂಡಿಸಿದ ನೀಳವಾದ ಕಿರಿದಗಲದ ರೆಕ್ಕೆ, ನಾಲ್ಕು ಎಂಜಿನುಗಳು, ಬಾಲದಲ್ಲಿ ಅಂಡಾಕಾರದ ಎರಡು ನಿಲುಫಲಕಗಳು: ಇಷ್ಟು ಕಂಡರೆ ಅದರ ಜಾತಿ ತಿಳಿಯಿತು. ಆದರೆ ಆ ಸಾವಿರಾರರಲ್ಲಿ ಇದು ಯಾವುದು?

ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ವಸ್ತುಸಂಗ್ರಹಾಲಯದಲ್ಲಿರುವ ಲಿಬರೇಟರಿಗೆ ಮೂರು ಸಂಖ್ಯೆಗಳಿವೆ. ಅಮೆರಿಕದಲ್ಲಿ ಅದು 44-50206. ಮೊದಲ ಎರಡು ಅಂಕಿಗಳು ಖರೀದಿಯ ಆದೇಶ ಹೊರಟ ಆರ್ಥಿಕ ವರ್ಷವನ್ನು ಸೂಚಿಸುತ್ತವೆ. ಬಾಲದ ಮೇಲೆ ಬರೆಯುವಾಗ ಮೊದಲಂಕಿಯನ್ನು ಬಿಡುವುದು ವಾಡಿಕೆಯಾದುದರಿಂದ, ಇದನ್ನರಿಯದವರು ದಾಖಲೆಯಲ್ಲಿ ಹುಡುಕಿ ಸೋಲುವರು. ಹುಟ್ಟಿದ್ದು ಫೋರ್ಡ್ ಸಂಸ್ಥೆಯ ವಿಲ್ಲೋ ರನ್ ಕಾರ್ಖಾನೆಯಲ್ಲಿ. ಅಲ್ಲಿ ಒಂದು ಕಾಲದಲ್ಲಿ ಗಂಟೆಗೊಂದರಂತೆ ವಿಮಾನಗಳು ಹೊರಬೀಳುತ್ತಿದ್ದವು! ಬ್ರಿಟಿಷರ ಕೈಸೇರಿದಾಗ ಅದು ಕೆ.ಎನ್. 751 ಆಯಿತು, ನಮ್ಮ ವಾಯುಪಡೆಯಲ್ಲಿ ಎಚ್.ಇ. 807.

ಈ ಮೂರನೆಯ ನಾಮಕರಣದ ಹಿಂದೆ ಒಂದು ಸ್ವಾರಸ್ಯವಿದೆ. ಎರವಲು ಒಪ್ಪಂದದಂತೆ, ಯುದ್ಧಾನಂತರ ಬ್ರಿಟಿಷರು ಈ ವಿಮಾನಗಳನ್ನು ಹಿಂದಿರುಗಿಸಬೇಕಿತ್ತು, ಇಲ್ಲವೆ ನಾಶಪಡಿಸಬೇಕಿತ್ತು. ಅನೇಕವನ್ನು ಅವರು ಕಾನಪುರದಲ್ಲಿ ಕೆಡಿಸಿ ಬಿಟ್ಟುಹೋದರು. ಎಂಜಿನುಗಳಿಗೆ ಮರಳು ಸುರಿದರೆಂದೂ ಹೇಳುತ್ತಾರೆ. 1948ರಲ್ಲಿ ಬೆಂಗಳೂರಿನ ಹಿಂದುಸ್ಥಾನ್ ವಿಮಾನ ಕಾರ್ಖಾನೆಯವರು ಆ ಗುಜರಿಯಿಂದಲೇ ಒಂದೊಂದನ್ನಾಗಿ ಆಯ್ದು, ಹಾರುವಷ್ಟು ಮಾತ್ರ ತೇಪೆ ಹಾಕಿ, ಬೆಂಗಳೂರಿಗೆ ಹಾರಿಸಿ ತಂದು ಪೂರ್ಣವಾಗಿ ದುರಸ್ತಿಮಾಡಿದರು. ಪರೀಕ್ಷಾ ವೈಮಾನಿಕ ಜಮ್‌ಶೆಡ್ ಮುನ್ಷಿಯವರ ಎದೆಗಾರಿಕೆಯನ್ನು ಇಲ್ಲಿ ನೆನೆಯದಿರಲಾಗದು. ಹೀಗೆ ಮರುಹುಟ್ಟು ಪಡೆದವು 1968ರ ವರೆಗೆ ಸೇವೆಯಲ್ಲಿದ್ದವು. ಇಂದು ಲೋಕದಲ್ಲಿ ಇಡಿಯಾಗಿ ಉಳಿದಿರುವ ಲಿಬರೇಟರುಗಳು ಇಪ್ಪತ್ತನ್ನು ಮುಟ್ಟವು. ಅವುಗಳಲ್ಲಿ ಹಲವು ಈ ಗುಜರಿಯಿಂದ ಎದ್ದವೇ!

ತೊಡಕಿರುವುದೂ ಇಲ್ಲಿಯೇ. ದುರಸ್ತಿಯಲ್ಲಿ ಒಂದರ ಅಂಗವನ್ನು ಮತ್ತೊಂದಕ್ಕೆ ಜೋಡಿಸಿದ್ದುಂಟು. ರೆಕ್ಕೆ ಒಂದರದು, ಬಾಲ ಇನ್ನೊಂದರದು ಆದಾಗ ಸಾಮಾನ್ಯವಾಗಿ ಒಡಲಿನ ಗುರುತನ್ನೇ ವಿಮಾನದ ಗುರುತೆಂದು ಎಣಿಸುವರು. ಬಾಲದ ಅಂಕಿಯನ್ನಷ್ಟೆ ನಂಬಲಾಗದು. ಬಣ್ಣ ಬಳಿಯುವವನ ಕುಂಚ ಯಾವ ಸಂಖ್ಯೆಯನ್ನಾದರೂ ಬರೆದೀತು. ಅಮೆರಿಕದ ಪಿಮಾ ಸಂಗ್ರಹಾಲಯಕ್ಕೆ 1969ರಲ್ಲಿ ಭಾರತದಿಂದ ಹೋದ ಲಿಬರೇಟರು ಬೇರೊಂದರ ಹೆಸರಾದ ‘ಬಂಗೇ ಬಕರೂ’ ಎಂಬುದನ್ನು ಧರಿಸಿ ನಿಂತಿದೆ. ಆದುದರಿಂದ ಹವ್ಯಾಸಿಗಳು ಒಳಗಿನ ಲೋಹಫಲಕಗಳನ್ನೂ ಬಿಡಿಭಾಗಗಳ ಮುದ್ರೆಗಳನ್ನೂ ಹುಡುಕುತ್ತಾರೆ. ಬಣ್ಣವನ್ನು ಪದರ ಪದರವಾಗಿ ಮೆಲ್ಲನೆ ಉಜ್ಜಿ, ಅಡಗಿದ ಅಂಕಿಗಳನ್ನು ಹೊರಗೆಡಹುತ್ತಾರೆ.

ರಕ್ಷಣೆಯಲ್ಲಿ ಅತ್ಯುತ್ಸಾಹವೇ ಶತ್ರು. ವಿಮಾನದ ತಗಡು ತಾಮ್ರ ಬೆರೆತ ಅಲ್ಯೂಮಿನಿಯಮ್. ಬಲವುಳ್ಳದ್ದಾದರೂ ತೇವಕ್ಕೆ ಬೇಗ ಕೊರೆಯುತ್ತದೆ. ಇದನ್ನು ತಡೆಯಲು ಅದರ ಇಕ್ಕೆಲಗಳಲ್ಲಿಯೂ ಶುದ್ಧ ಅಲ್ಯೂಮಿನಿಯಮಿನ ಅತಿ ತೆಳುವಾದ ಹೊದಿಕೆ ಇರುತ್ತದೆ. ಮಿರುಗಲೆಂದು ವರ್ಷವರ್ಷವೂ ತಿಕ್ಕಿದರೆ ಸವೆಯುವುದು ಆ ಹೊದಿಕೆಯೇ. ಉಕ್ಕಿನ ಬೋಲ್ಟು ಅಲ್ಯೂಮಿನಿಯಮಿಗೆ ತಾಗಿದೆಡೆ ನೀರು ನಿಂತರಂತೂ ಅದೊಂದು ಸಣ್ಣ ವಿದ್ಯುತ್ಕೋಶವೇ ಆಗಿ ಅಲ್ಯೂಮಿನಿಯಮನ್ನು ತಿನ್ನುತ್ತದೆ. ಒಡಲಡಿಯ ನೀರಿಳಿಯುವ ರಂಧ್ರಗಳನ್ನು ಹಕ್ಕಿಗೂಡಿನ ಕಸ ಮುಚ್ಚದಂತೆ ನೋಡಿಕೊಳ್ಳುವುದು ಹೊಸ ಬಣ್ಣಕ್ಕಿಂತ ಹೆಚ್ಚಿನ ಉಪಕಾರ. ದೆಹಲಿಯ ಪಾಲಂನ ವಾಯುಪಡೆಯ ಸಂಗ್ರಹಾಲಯಕ್ಕೆ ಸೇರಿದ ಎಚ್.ಇ. 924 ಎಂಬ ಲಿಬರೇಟರನ್ನು ನೋಡುವ ಅವಕಾಶ ದೊರೆತರೆ ವಾಚಕರು ಬಾಲದಲ್ಲಿಯೇ ನಿಲ್ಲದೆ, ಅದರ ಒಡಲಿನ ತೇಪೆಗಳನ್ನೂ ಗಮನಿಸಲಿ.