ಹಳೆಯ ಸ್ಪೀಕರನ್ನು ಗುಜರಿಗೆ ಹಾಕುವ ಮುನ್ನ

ನಿಮ್ಮ ಮನೆಯ ಅಟ್ಟವನ್ನೊಮ್ಮೆ ನೋಡಿ. ಟೇಪ್ ರೆಕಾರ್ಡರ್ ಕಾಲದ ಒಂದು ಜೊತೆ ಸ್ಪೀಕರ್ ಪೆಟ್ಟಿಗೆಗಳು ಧೂಳು ಹಿಡಿದು ಕುಳಿತಿರಬಹುದು. ಗಲ್ಫಿಗೆ ಹೋದ ಮಗ ಕ್ಯಾಸೆಟ್ಟಿನಲ್ಲಿ ತುಂಬಿ ಕಳುಹಿಸಿದ ಮಾತುಗಳನ್ನು ತಾಯಂದಿರು ಕೇಳಿ ಕಣ್ಣೀರು ಒರೆಸಿಕೊಂಡದ್ದು ಇಂತಹ ಪೆಟ್ಟಿಗೆಗಳ ಮುಂದೆಯೇ. ಇಂದು ಅದರಿಂದ ಬರ್ರೆಂಬ ಸದ್ದು ಬರುತ್ತದೆ ಅಥವಾ ಏನೂ ಬರುವುದಿಲ್ಲ. ‘ಕೆಟ್ಟುಹೋಯಿತು’ ಎಂದು ಗುಜರಿಯವನಿಗೆ ತೂಕಕ್ಕೆ ಹಾಕಿಬಿಡುತ್ತೇವೆ. ಆದರೆ ನಿಜವಾಗಿಯೂ ಕೆಟ್ಟದ್ದು ಏನು ಎಂದು ನೋಡಿದ್ದೇವೆಯೇ?

ಬಾದಾಮಿ ಸಮೀಪದ ಚೊಳಚಗುಡ್ಡದಲ್ಲಿ ಪುಷ್ಯದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ನೆರೆಯುತ್ತದೆ. ನಾಟಕ ಕಂಪನಿಗಳ ಧ್ವನಿವರ್ಧಕಗಳ ಸದ್ದಿನ ನಡುವೆಯೇ ಅಲ್ಲಿ ಕಟ್ಟಿಗೆಯ ಬಾಗಿಲು, ಚೌಕಟ್ಟುಗಳ ವ್ಯಾಪಾರ ನಡೆಯುತ್ತದೆ. ಬಾಗಿಲು ಕೊಳ್ಳುವಾಗ ನಾವು ತಟ್ಟಿ ನೋಡುತ್ತೇವಲ್ಲವೇ? ಹಳೆಯ ಸ್ಪೀಕರಿಗೂ ಅಷ್ಟೇ ತಾಳ್ಮೆ ಬೇಕು.

ಕೆಡುವುದು ಯಾವುದು?

ಇಂದಿನ ಸ್ಪೀಕರಿನ ಮೂಲ ರೂಪವನ್ನು 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ವಿವರಿಸಿದರು. ಅಯಸ್ಕಾಂತದ ಸಂದಿನಲ್ಲಿ ತಂತಿಯ ಸುರುಳಿ. ಸುರುಳಿಗೆ ಅಂಟಿದ ಕಾಗದದ ಕೋನ್. ವಿದ್ಯುತ್ ಹರಿದಾಗ ಸುರುಳಿ ಅಲುಗುತ್ತದೆ, ಕೋನ್ ಗಾಳಿಯನ್ನು ತಳ್ಳುತ್ತದೆ. ಇದರಲ್ಲಿ ಅಯಸ್ಕಾಂತ ಸುಲಭವಾಗಿ ಕೆಡುವುದಿಲ್ಲ. ಕೋನಿನ ಅಂಚಿಗೆ ಸುತ್ತಿದ ಫೋಮಿನ ಬಳೆ ಮಾತ್ರ ಹತ್ತು-ಇಪ್ಪತ್ತು ವರ್ಷಗಳಲ್ಲಿ ಗಾಳಿ, ತೇವಕ್ಕೆ ಪುಡಿಯಾಗುತ್ತದೆ. ರಬ್ಬರು ಅಥವಾ ಬಟ್ಟೆಯ ಅಂಚು ಇನ್ನೂ ಹೆಚ್ಚು ಬಾಳುತ್ತದೆ. ಅಂದರೆ ಒಂದು ಚಿಕ್ಕ ಬಳೆಗಾಗಿ ಇಡೀ ಪೆಟ್ಟಿಗೆಯನ್ನು ಎಸೆಯುತ್ತಿದ್ದೇವೆ.

ಪರೀಕ್ಷೆ ಹೀಗಿದೆ

ಮೊದಲು ಆಂಪ್ಲಿಫೈಯರಿನಿಂದ ಸ್ಪೀಕರ್ ತಂತಿಗಳನ್ನು ಬಿಡಿಸಿ. ದೊಡ್ಡ ಕೋನನ್ನು ಎರಡೂ ಬದಿ ಬೆರಳಿಟ್ಟು ಮೆಲ್ಲಗೆ ಒಳಕ್ಕೆ ಒತ್ತಿ. ಕರಕರ ಎಂದರೆ ಸುರುಳಿ ಉಜ್ಜುತ್ತಿದೆ. ಮಲ್ಟಿಮೀಟರಿನಲ್ಲಿ ಅಳೆದಾಗ 8 ಓಮ್ ಎಂದು ಬರೆದ ಸ್ಪೀಕರ್ ಸುಮಾರು 6ರಿಂದ 7 ಓಮ್ ತೋರಿಸಿದರೆ ಸುರುಳಿ ಕಡಿದಿಲ್ಲ ಎಂದರ್ಥ. ಬಳಿಕ 1.5 ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ. ಟಕ್ ಎಂದು ಕೋನ್ ಅಲುಗಬೇಕು. ಧನಕ್ಕೆ ಧನ ತಾಗಿಸಿದಾಗ ಸಾಮಾನ್ಯವಾಗಿ ಕೋನ್ ಮುಂದಕ್ಕೆ ಬರುತ್ತದೆ. ಎರಡು ಪೆಟ್ಟಿಗೆಗಳ ಪೈಕಿ ಒಂದಕ್ಕೆ ತಂತಿ ತಿರುವುಮುರುವಾದರೆ ಗಡಸು ನಾದ ಕ್ಷೀಣಿಸುತ್ತದೆ. ಅದನ್ನು ಸರಿಪಡಿಸಲು ಒಂದು ಪೈಸೆಯೂ ಬೇಡ! ಈ ಸೆಲ್ಲಿನ ಪರೀಕ್ಷೆಯನ್ನು ಚಿಕ್ಕ ಟ್ವೀಟರಿಗೆ ಮಾಡಬೇಡಿ.

ದುರಸ್ತಿ

ಫೋಮ್ ಹೋಗಿದ್ದರೆ ಅದೇ ಅಳತೆಯ ಹೊಸ ಬಳೆ ತನ್ನಿ. ಹಳೆಯ ಅಂಟನ್ನು ಸ್ಪಿರಿಟ್ ಹಚ್ಚಿ ಸಾವಕಾಶವಾಗಿ ತೆಗೆಯಿರಿ, ಕಾಗದ ಹರಿಯಬಾರದು. ಮೊದಲು ಬಳೆಯನ್ನು ಕೋನಿಗೆ ಅಂಟಿಸಿ, ಒಣಗಿದ ಮೇಲೆ ಚೌಕಟ್ಟಿಗೆ ಅಂಟಿಸಿ. ಅಂಟು ಹಿಡಿಯುವಾಗ ಕೋನನ್ನು ಒತ್ತಿ ನೋಡುತ್ತಿರಿ, ಎಲ್ಲಿಯೂ ಉಜ್ಜಬಾರದು. ಒಂದು ದಿನ ಮುಟ್ಟದೆ ಬಿಡಿ. ಕಬ್ಬಿಣದ ಪುಡಿಯಿರುವ ಜಾಗದಲ್ಲಿ ಈ ಕೆಲಸ ಬೇಡ. ಅಯಸ್ಕಾಂತ ಅದನ್ನು ಸೆಳೆದುಕೊಂಡರೆ ತೆಗೆಯುವುದು ಕಷ್ಟ.

ಕೋನ್ ಚೆನ್ನಾಗಿದ್ದೂ ತೆಳುವಾದ ಸ್ವರಗಳು ಕೇಳಿಸದಿದ್ದರೆ, ಟ್ವೀಟರಿಗೆ ಹೋಗುವ ಕೆಪಾಸಿಟರ್ ಸೊರಗಿರಬಹುದು. ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚು ವೋಲ್ಟಿನ ಧನ-ಋಣವಿಲ್ಲದ ಕೆಪಾಸಿಟರ್ ಹಾಕಿ.

ಕೆಲವರು ಹಳೆಯ ಪೆಟ್ಟಿಗೆಗೆ ಅಂಗಡಿಯಲ್ಲಿ ಸಿಕ್ಕ ದೊಡ್ಡ ಸ್ಪೀಕರ್ ಕೂರಿಸುತ್ತಾರೆ. ಆಮೇಲೆ ಗುಂಯ್‌ಗುಡುತ್ತದೆ ಎಂದು ದೂರುತ್ತಾರೆ. ಸ್ಪೀಕರಿಗೂ ಪೆಟ್ಟಿಗೆಯೊಳಗಿನ ಗಾಳಿಗೂ ಲೆಕ್ಕವಿದೆ. ಆಸ್ಟ್ರೇಲಿಯಾದಲ್ಲಿ ತೀಲ್ 1961ರಲ್ಲಿ, ಆನಂತರ ಸ್ಮಾಲ್ 1970ರ ದಶಕದಲ್ಲಿ ಆ ಲೆಕ್ಕವನ್ನು ತೋರಿಸಿಕೊಟ್ಟರು. ಒಳ ಅಳತೆ 30, 25, 40 ಸೆಂಟಿಮೀಟರ್ ಇದ್ದರೆ ಗುಣಿಸಿ, ಸಾವಿರದಿಂದ ಭಾಗಿಸಿ: 30 ಲೀಟರ್. ಹೊಸ ಸ್ಪೀಕರಿನ ವಿವರದಲ್ಲಿ ಅಷ್ಟು ಗಾಳಿಗೆ ಅದು ಒಪ್ಪುತ್ತದೆಯೇ ಎಂದು ನೋಡಿಯೇ ಕೊಳ್ಳಿ.

ಎಚ್ಚರ ಇರಲಿ

ಸ್ಪೀಕರ್ ಪೆಟ್ಟಿಗೆಯ ಕೆಲಸವನ್ನು ಮನೆಯಲ್ಲೇ ಮಾಡಬಹುದು. ಆಂಪ್ಲಿಫೈಯರ್, ಹಳೆಯ ವಾಲ್ವ್ ರೇಡಿಯೋಗಳ ಹೊಟ್ಟೆ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅವುಗಳ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ, ಜೀವಕ್ಕೆ ಅಪಾಯ. ಅದನ್ನು ಅನುಭವಿ ಮೆಕ್ಯಾನಿಕರಿಗೆ ಬಿಡಿ.

ಸುರುಳಿ ಸುಟ್ಟಿದ್ದರೆ? ಸುತ್ತಿಸಬಹುದು, ಆದರೆ ಖರ್ಚನ್ನು ಮೊದಲೇ ಕೇಳಿಕೊಳ್ಳಿ. ಏನೂ ಸಾಧ್ಯವಿಲ್ಲವೆಂದಾದರೆ ತಾಮ್ರದ ಆಸೆಗೆ ತಂತಿಯನ್ನು ಸುಡಬೇಡಿ, ಆ ಹೊಗೆ ವಿಷ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.

ಈ ರಜೆಯಲ್ಲಿ ಒಂದು ಪೆಟ್ಟಿಗೆಯನ್ನು ಕೆಳಗಿಳಿಸಿ, ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಪಠ್ಯದಲ್ಲಿ ಓದಿದ ಅಯಸ್ಕಾಂತವನ್ನು ಅವರು ಕೈಯಲ್ಲಿ ಹಿಡಿದು ನೋಡಲಿ. ಕೆಟ್ಟದ್ದನ್ನೆಲ್ಲ ಎಸೆಯುವುದನ್ನಷ್ಟೇ ಕಂಡು ಬೆಳೆದ ಮಗು, ಯಾವುದನ್ನಾದರೂ ಸರಿಪಡಿಸಬಹುದೆಂದು ಎಲ್ಲಿಂದ ಕಲಿಯಬೇಕು?