ಹಳೇ ಯೆಜ್ಡಿ, ಹೊಸ ಪಿಸ್ಟನ್, ಒಂದು ರಬ್ಬರ್ ಸೀಲ್

ನಮ್ಮ ಗ್ಯಾಂಗಿನ ಒಬ್ಬನ ಮನೆ ಪೀಣ್ಯ ಪಕ್ಕದ ದಾಸರಹಳ್ಳಿಯಲ್ಲಿದೆ. ಅವನ ತಾತನ ಯೆಜ್ಡಿ 250 ಅಲ್ಲಿ ಮೆಟ್ಟಿಲ ಕೆಳಗೆ ಹನ್ನೆರಡು ವರ್ಷದಿಂದ ಟಾರ್ಪಾಲ್ ಹೊದ್ದು ನಿಂತಿತ್ತು. ಕಳೆದ ಸೆಮಿಸ್ಟರ್ ರಜೆಯಲ್ಲಿ ಅದನ್ನ ಸ್ಟಾರ್ಟ್ ಮಾಡೇ ಮಾಡ್ತೀವಿ ಅಂತ ನಾಲ್ಕು ಜನ ಕೂತ್ವಿ. ಸ್ಟಾರ್ಟ್ ಆಯ್ತು. ಐದನೇ ದಿನ ಸೀಜ್ ಕೂಡ ಆಯ್ತು. ಯಾಕೆ ಅಂತ ಹುಡುಕೋಕೆ ಹೋದಾಗಲೇ ಟೂ ಸ್ಟ್ರೋಕ್ ಇಂಜಿನ್ ನಮಗೆ ನಿಜವಾಗಿ ಅರ್ಥವಾಗಿದ್ದು.

ಈ ಗಾಡಿ ನಮ್ಮ ರಾಜ್ಯದ್ದೇ. ಚೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನ ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ತಯಾರಿಸುತ್ತಿತ್ತು. 1970ರ ದಶಕದಲ್ಲಿ ಅದಕ್ಕೆ ಯೆಜ್ಡಿ ಅನ್ನೋ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈಗ ರಸ್ತೆಯಲ್ಲಿ ಕಾಣೋ ಹೊಸ ಜಾವಾ, ಯೆಜ್ಡಿ ಎಲ್ಲ ಫೋರ್ ಸ್ಟ್ರೋಕ್. ಹಳೇದು ಒಂದೇ ಸಿಲಿಂಡರ್, ಎರಡು ಸೈಲೆನ್ಸರ್ ಇರೋ ಟೂ ಸ್ಟ್ರೋಕ್. ಬೋರ್ 65 ಮಿಮೀ, ಸ್ಟ್ರೋಕ್ 75 ಮಿಮೀ.

ನಾವು ಮಾಡಿದ್ದು ಇಷ್ಟು. ಹೆಡ್ ಮತ್ತು ಸಿಲಿಂಡರ್ ಬಿಚ್ಚಿ ಪೀಣ್ಯದ ಒಂದು ಬೋರಿಂಗ್ ಶಾಪಿಗೆ ಒಯ್ದೆವು. ಸವೆತ ಅಳೆದು, 65.50ಕ್ಕೆ ಬೋರ್ ಮಾಡಿ, ಅದಕ್ಕೆ ಸರಿಯಾದ ಓವರ್‌ಸೈಜ್ ಪಿಸ್ಟನ್ ಕೂರಿಸಿಕೊಟ್ಟರು. ಕಾರ್ಬುರೇಟರ್ ಕ್ಲೀನ್ ಮಾಡಿದ್ವಿ, ಪಾಯಿಂಟ್ಸ್ ಗ್ಯಾಪ್ ಸೆಟ್ ಮಾಡಿದ್ವಿ. ಕೆಳಗಿನ ಕ್ರ್ಯಾಂಕ್ ಕೇಸ್ ಮಾತ್ರ ಮುಟ್ಟಲಿಲ್ಲ. ಕ್ರ್ಯಾಂಕ್ ಸಲೀಸಾಗಿ ತಿರುಗ್ತಿತ್ತು, ಸುಮ್ನೆ ಯಾಕೆ ಬಿಚ್ಚೋದು ಅಂದ್ಕೊಂಡ್ವಿ.

ಗಾಡಿ ಓಡಿತು, ಆದರೆ ಆಕ್ಸಿಲರೇಟರ್ ಬಿಟ್ಟರೂ ಐಡ್ಲಿಂಗ್ ತಕ್ಷಣ ಇಳೀತಿರಲಿಲ್ಲ. ಸ್ಪಾರ್ಕ್ ಪ್ಲಗ್ ತೆಗೆದರೆ ಬೆಳ್ಳಗೆ. ತಿಳಿ ಕಂದು ಬಣ್ಣ ಇದ್ದರೆ ಮಿಕ್ಸ್ಚರ್ ಸರಿ ಅಂತ, ಬಿಳಿ ಇದ್ದರೆ ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ ಅಂತ. ಸರಿ, ಕಾರ್ಬುರೇಟರ್‌ಗೆ ದೊಡ್ಡ ಜೆಟ್ ಹಾಕಿದ್ವಿ. ಐದನೇ ದಿನ ಜಾಲಹಳ್ಳಿ ಕ್ರಾಸ್ ಹತ್ತಿರ ಹಿಂದಿನ ಚಕ್ರ ಗಕ್ಕನೆ ಲಾಕ್ ಆಯ್ತು. ಓಡಿಸ್ತಿದ್ದವನು ಕ್ಲಚ್ ಹಿಡಿದಿದ್ದರಿಂದ ಬಚಾವ್. ಹಿಂದೆ ಲಾರಿ ಇತ್ತು.

ಹೊಟ್ಟೆಯಿಂದ ಉಸಿರಾಡೋ ಇಂಜಿನ್

ಫೋರ್ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಕೇಸ್ ಅಂದ್ರೆ ಆಯಿಲ್ ಇರೋ ಜಾಗ. ಅಲ್ಲಿ ಸೀಲ್ ಹೋದರೆ ಆಯಿಲ್ ತೊಟ್ಟಿಕ್ಕುತ್ತೆ. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಕೇಸೇ ಪಂಪು. ಪಿಸ್ಟನ್ ಮೇಲೆ ಹೋದಾಗ ಕೆಳಗೆ ನಿರ್ವಾತ ಉಂಟಾಗಿ ಕಾರ್ಬುರೇಟರ್‌ನಿಂದ ಮಿಕ್ಸ್ಚರ್ ಎಳೆದುಕೊಳ್ಳುತ್ತೆ. ಕೆಳಗೆ ಬಂದಾಗ ಅದೇ ಮಿಕ್ಸ್ಚರ್ ಒತ್ತಡಕ್ಕೆ ಸಿಕ್ಕಿ ಟ್ರಾನ್ಸ್‌ಫರ್ ಪೋರ್ಟ್ ಮೂಲಕ ಮೇಲೆ ಹತ್ತುತ್ತೆ. ಕೇಸಿನಲ್ಲಿ ಸಣ್ಣ ಸಂದಿ ಇದ್ದರೂ ಕಾರ್ಬುರೇಟರ್‌ನ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಬರುತ್ತೆ. ಇಂಜಿನ್ ವಿಪರೀತ ಕಾಯುತ್ತೆ. ಪೆಟ್ರೋಲಿನಲ್ಲೇ ಬೆರೆಸಿದ ಆಯಿಲ್ಲೇ ಪಿಸ್ಟನ್ನಿಗೆ ಆಧಾರ. ಪೆಟ್ರೋಲ್ ಕಮ್ಮಿ ಬಂದರೆ ಆಯಿಲ್ಲೂ ಕಮ್ಮಿ. ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತೆ.

ಕ್ರ್ಯಾಂಕಿನ ಎರಡೂ ತುದಿಯಲ್ಲಿ ರಬ್ಬರ್ ಆಯಿಲ್ ಸೀಲ್ ಇರುತ್ತೆ. ಕ್ಲಚ್ ಕಡೆಯದು ಹೋದರೆ ಒಳಗಿನ ಆಯಿಲ್ ಎಳೆದುಕೊಂಡು ಸಿಕ್ಕಾಪಟ್ಟೆ ಬಿಳಿ ಹೊಗೆ ಬರುತ್ತೆ. ಡೈನಮೋ ಕಡೆಯದು ಹೋದರೆ ಹೊಗೆ ಇಲ್ಲ, ಬರೀ ಗಾಳಿ. ಅದಕ್ಕೇ ನಮಗೆ ಗೊತ್ತಾಗಲಿಲ್ಲ.

ಬಿಪಿ ಮಿಷನ್ ಟೆಸ್ಟ್

"ಜೆಟ್ ಬಿಡ್ರಪ್ಪ, ಗಾಳಿ ಎಲ್ಲಿಂದ ಬರ್ತಿದೆ ಅಂತ ನೋಡ್ರಿ ಮೊದ್ಲು" ಅಂದವರು ತಾತ. ಟೆಸ್ಟಿಗೆ ಬೇಕಾಗಿದ್ದೂ ಅವರ ಹತ್ತಿರವೇ ಇತ್ತು. ಕಾರ್ಬುರೇಟರ್ ತೆಗೆದು ಆ ಬಾಯಿಗೆ ರಬ್ಬರ್ ಶೀಟ್ ಇಟ್ಟು ಪ್ಲೇಟ್ ಬಿಗಿದೆವು. ಎರಡೂ ಎಕ್ಸಾಸ್ಟ್ ಪೋರ್ಟ್ ಹಾಗೇ ಮುಚ್ಚಿದೆವು. ಪ್ಲೇಟಿನ ಒಂದು ತೂತಿಗೆ ತಾತನ ಬಿಪಿ ಮಿಷನ್ನಿನ ಬಲ್ಬ್ ಮತ್ತು ಮೀಟರ್ ಜೋಡಿಸಿ ಗಾಳಿ ಒತ್ತಿದೆವು. ಮೀಟರಿನ 300 ಅಂದ್ರೆ ಸುಮಾರು 6 ಪಿಎಸ್ಐ, ಅದಕ್ಕಿಂತ ಹೆಚ್ಚು ಬೇಡ. ಸರಿ ಇರೋ ಇಂಜಿನ್ನಿನಲ್ಲಿ ಮುಳ್ಳು ಕೆಲವು ನಿಮಿಷ ಹೆಚ್ಚುಕಮ್ಮಿ ಅಲ್ಲೇ ನಿಲ್ಲಬೇಕು. ನಮ್ಮದು ಕೈ ಬಿಟ್ಟ ತಕ್ಷಣ ಸೊನ್ನೆಗೆ ಬಿತ್ತು. ಸೋಪಿನ ನೀರು ಹಚ್ಚುತ್ತಾ ಹೋದ್ವಿ. ಹೆಡ್ ಹತ್ತಿರ ಏನಿಲ್ಲ, ಸಿಲಿಂಡರ್ ಬುಡದಲ್ಲಿ ಏನಿಲ್ಲ. ಡೈನಮೋ ಬಿಚ್ಚಿ ನೋಡಿದರೆ ಕ್ರ್ಯಾಂಕ್ ಸುತ್ತ ಗುಳ್ಳೆಯೋ ಗುಳ್ಳೆ. ಹನ್ನೆರಡು ವರ್ಷ ನಿಂತಲ್ಲೇ ನಿಂತು ರಬ್ಬರ್ ಬೆಲ್ಲದಚ್ಚಿನ ಹಾಗೆ ಗಟ್ಟಿಯಾಗಿತ್ತು.

ಎರಡೂ ಸೀಲ್ ಬದಲಾಯಿಸಿದೆವು. ಆದರೆ ಗೀರು ಬಿದ್ದ ಸಿಲಿಂಡರನ್ನ 65.75ಕ್ಕೆ ಮತ್ತೆ ಬೋರ್ ಮಾಡಿಸಬೇಕಾಯ್ತು. ಒಂದು ಸಿಲಿಂಡರನ್ನ ಬೋರ್ ಮಾಡೋಕೆ ಕೆಲವೇ ಅವಕಾಶ ಇರುತ್ತೆ, ತೆಗೆದ ಲೋಹ ವಾಪಸ್ ಬರಲ್ಲ. ತಾತನ ಗಾಡಿಯ ಒಂದು ಅವಕಾಶವನ್ನ ನಾವು ಐದು ದಿನದಲ್ಲಿ ಖರ್ಚು ಮಾಡಿದ್ವಿ. ಅವರು ಬೈಯಲಿಲ್ಲ, ಅದೇ ಕಷ್ಟ ಆಗಿದ್ದು.

ನಿಮ್ಮ ಮನೆಯಲ್ಲೂ ಹಳೇ ಟೂ ಸ್ಟ್ರೋಕ್ ನಿಂತಿದ್ದರೆ ಮೊದಲು ಸೀಲ್ ಬದಲಾಯಿಸಿ, ಆಮೇಲೆ ಪ್ರೆಶರ್ ಟೆಸ್ಟ್, ಆಮೇಲೆ ಟೈಮಿಂಗ್, ಕೊನೆಗೆ ಕಾರ್ಬುರೇಟರ್. ನಾವು ಮಾಡಿದ್ದು ಸರಿಯಾಗಿ ಉಲ್ಟಾ. ಈಗ ಐಡ್ಲಿಂಗ್ ತಾನಾಗೇ ಇಳಿಯುತ್ತೆ, ಪ್ಲಗ್ ತಿಳಿ ಕಂದು. ಭಾನುವಾರ ಬೆಳಿಗ್ಗೆ ತಾತ ಅದರಲ್ಲೇ ಹಾಲು ತರೋಕೆ ಹೋಗ್ತಾರೆ.